ಬರೆಯಲು ಶಕ್ತಳಾಗಿದ್ದೇನೆ

ಬ್ರಯನಿ ಸಗ್ಡನ್‌ಳ ಮೂರು ವರ್ಷದ ಓದನ್ನು ನುಂಗಿಹಾಕಿದ್ದು ಅಂಗೈಯಗಲದ ಒಂದು ಚೀಟಿ. ಪರೀಕ್ಷೆಯ ಹಾಲ್‌ನಲ್ಲಿ ಪ್ರತಿ ಮೇಜಿನ ಮೇಲೂ ಅಂಥದ್ದೊಂದನ್ನು ಇಟ್ಟಿರುತ್ತಾರೆ. ಹೆಸರು, ಸಂಖ್ಯೆ, ಸೀಟು. ಅದರ ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ 'ನಾನು ಈ ಪರೀಕ್ಷೆಯನ್ನು ಬರೆಯಲು ಶಕ್ತಳಾಗಿದ್ದೇನೆ' ಎಂಬ ಸಾಲು, ಆಮೇಲೆ ಸಹಿಯ ಜಾಗ. ಯಾರು ತಾನೆ ಓದುತ್ತಾರೆ? ಮೇಲ್ವಿಚಾರಕಿ ಚೀಟಿ ಎತ್ತಿಕೊಳ್ಳಲು ಬರುವಷ್ಟರಲ್ಲಿ ಸಹಿ ಬಿದ್ದಿರಬೇಕು, ಅಷ್ಟೆ. ಬ್ರಯನಿಯೂ ಹಾಕಿದಳು. ಆಗ ಬೆಳಗಿನ ಒಂಬತ್ತೂವರೆ ಗಂಟೆ. ಅಲ್ಲಿಂದ ಎಂಟು ಮೈಲಿ ದೂರದಲ್ಲಿ, ಅವರ ಮನೆಯ ಮುಂದಿನ ಕೋಣೆಯಲ್ಲಿ, ಆಸ್ಪತ್ರೆಯವರು ತಂದು ಹಾಕಿದ್ದ ಮಂಚದ ಮೇಲೆ ಅವಳ ಅಮ್ಮ ಲಿನೆಟ್ ಸಾಯುತ್ತಿದ್ದಳು.

ಅಮ್ಮ ಸಾಯುತ್ತಿರುವಾಗ ಮಗಳು ಪರೀಕ್ಷೆಗೆ ಯಾಕೆ ಹೋದಳು ಎಂದು ಕೇಳುವವರು ಯಾರ್ಕ್‌ಷೈರಿನ ಈ ಕಣಿವೆಯವರಲ್ಲ. ಇಲ್ಲಿ ಕಾಲು ಮುರಿದುಕೊಂಡವನನ್ನು ಹೇಗಿದ್ದೀಯಪ್ಪ ಎಂದು ಕೇಳಿದರೆ 'ಪರವಾಗಿಲ್ಲ, ಇನ್ನೊಂದು ಕಾಲಿದೆಯಲ್ಲ' ಅನ್ನುತ್ತಾನೆ. ಗಲಾಟೆ ಮಾಡಬಾರದು, ಯಾರಿಗೂ ತೊಂದರೆ ಕೊಡಬಾರದು, ಮನೆಯದ್ದು ಮನೆಯಲ್ಲೇ ಇರಬೇಕು. ಚರ್ಚಿಗೆ ಹೋಗುವುದನ್ನು ಬಿಟ್ಟು ಎರಡು ತಲೆಮಾರಾಯಿತು, ಈ ಧರ್ಮವನ್ನು ಮಾತ್ರ ಒಬ್ಬರೂ ಬಿಟ್ಟಿಲ್ಲ. ಇದಕ್ಕೆ ಧೈರ್ಯ ಎಂದು ಹೆಸರಿಟ್ಟಿದ್ದಾರೆ. ನನ್ನನ್ನು ಕೇಳಿದರೆ ಅದರಲ್ಲಿ ಅರ್ಧ ಭಯ, ಇನ್ನರ್ಧ ಶುದ್ಧ ಮೊಂಡುತನ.

ಬ್ರಯನಿ ಈ ಕಣಿವೆಯದೇ ಹುಡುಗಿ. ಅಮ್ಮನ ಶ್ವಾಸಕೋಶದಲ್ಲಿ ಗೆಡ್ಡೆಯಿದೆ ಎಂದು ನವೆಂಬರಿನಲ್ಲಿ ಗೊತ್ತಾಯಿತು. ಜನವರಿಯಲ್ಲಿ ಎಕ್ಸ್‌ರೇ ಓದುವ ಪತ್ರಿಕೆಯಲ್ಲಿ ಬ್ರಯನಿಗೆ ಇಪ್ಪತ್ತನಾಲ್ಕು ಅಂಕ ಬಂತು; ಪಾಸಾಗಲು ನಲವತ್ತು ಬೇಕು. ಅವಳನ್ನು ನೋಡಿಕೊಳ್ಳಬೇಕಿದ್ದ ಅಧ್ಯಾಪಕ ಕರೆದು "ಎಲ್ಲಾ ಸರಿಯಿದೆಯೇನಮ್ಮ?" ಎಂದು ಕೇಳಿದ. "ಹ್ಞೂಂ ಸಾರ್, ಆರಾಮಾಗಿದೀನಿ" ಅಂದಳು. ಮನೆಯಲ್ಲಿ ಇಂಥ ಕಷ್ಟವಿದೆ ಎಂದು ಒಂದು ಅರ್ಜಿ ತುಂಬಿಕೊಟ್ಟಿದ್ದರೆ ಜನವರಿಯ ಪರೀಕ್ಷೆಯನ್ನು ಬರೆದೇ ಇಲ್ಲವೆಂದು ಎಣಿಸುತ್ತಿದ್ದರು. ಅವಳು ತುಂಬಲಿಲ್ಲ. ಹಾಗಾಗಿ ಮೇ ತಿಂಗಳದ್ದು ಎರಡನೆಯ ಸಲ, ಅದೇ ಕೊನೆಯ ಸಲ. ಅದರಲ್ಲೂ ನಪಾಸಾದರೆ ಪದವಿಯೂ ಇಲ್ಲ, ಊರಿನ ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿ ಅವಳಿಗಾಗಿ ಹಿಡಿದಿಟ್ಟಿದ್ದ ಕೆಲಸವೂ ಇಲ್ಲ.

ಆವತ್ತು ಬೆಳಿಗ್ಗೆ ಅವಳು ಹೊಸಿಲಲ್ಲಿ ನಿಂತುಬಿಟ್ಟಿದ್ದಳು. ಕೈಯಲ್ಲಿದ್ದ ಟೀ ಕಪ್ಪು ತಟ್ಟೆಯ ಮೇಲೆ ಟಕಟಕ ಅನ್ನುತ್ತಿತ್ತು.

"ಅಪ್ಪಾ, ನನ್ ಕೈಲಾಗಲ್ಲ. ನಾನ್ ಹೋಗಲ್ಲ ಇವತ್ತು."

ಅವಳಪ್ಪ ನೆವಿಲ್ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಒಂದು ವಾರದಿಂದ ರಜೆ ಹಾಕಿ ಹೆಂಡತಿಯ ಪಕ್ಕದಲ್ಲಿ ಕೂತಿದ್ದ. "ಮೆತ್ತಗಾಗ್ಬೇಡ ಕಣೇ," ಅಂದ. "ನೀನ್ ಪಾಸಾಗ್ಲಿ ಅಂತಲೇ ಅಮ್ಮ ಇಷ್ಟ್ ದಿನ ಜೀವ ಹಿಡ್ಕೊಂಡಿರೋದು. ಮೂರ್ ಗಂಟೆ ತಾನೆ? ಬರ್ದು ಬಾ, ಅವಳೆಲ್ಲೂ ಹೋಗಲ್ಲ."

ಅವಳು ಹೋದಳು. ಪ್ರಶ್ನೆಪತ್ರಿಕೆಯ ಎರಡನೆಯ ಹಾಳೆಯಲ್ಲಿ ಒಂದು ಎದೆಯ ಎಕ್ಸ್‌ರೇ ಚಿತ್ರವಿತ್ತು. ಬಲಗಡೆಯ ಶ್ವಾಸಕೋಶದ ಮೇಲ್ಭಾಗದಲ್ಲಿ ಬಿಳಿಯ ಮಚ್ಚೆ. ಇದು ಏನಿರಬಹುದು, ಏಕೆ ಹಾಗೆ ಹೇಳುತ್ತೀರಿ, ಹತ್ತು ಅಂಕ. ಅದು ಏನೆಂದು ಅವಳಿಗೆ ಆ ಹಾಲ್‌ನಲ್ಲಿ ಬೇರೆ ಯಾರಿಗಿಂತಲೂ ಚೆನ್ನಾಗಿ ಗೊತ್ತಿತ್ತು. ಗೋಡೆ ಗಡಿಯಾರದಲ್ಲಿ ಹತ್ತೂ ಹತ್ತಾಗಿದ್ದಾಗ ಆ ಚಿತ್ರ ನೋಡಲು ತೊಡಗಿದಳು. ಹತ್ತೂ ಐವತ್ತಕ್ಕೂ ಅದನ್ನೇ ನೋಡುತ್ತಿದ್ದಳು. ಒಂದು ಅಕ್ಷರ ಬರೆದಿರಲಿಲ್ಲ.

ಬಸ್ಸಿಳಿದು ಬೀದಿಯ ತಿರುವಿಗೆ ಬಂದಾಗ ಮನೆಯ ಮುಂದಿನ ಕಿಟಕಿಯ ಪರದೆ ಎಳೆದಿರುವುದು ಕಾಣಿಸಿತು. ಮಟಮಟ ಮಧ್ಯಾಹ್ನದಲ್ಲಿ ಪರದೆ ಎಳೆದ ಮನೆಯ ವಿಷಯವನ್ನು ಆ ಬೀದಿಯಲ್ಲಿ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಎದುರುಮನೆಯವರೂ ಪಕ್ಕದವರೂ ಮರ್ಯಾದೆಗೆ ತಮ್ಮ ಪರದೆಗಳನ್ನು ಎಳೆದಿದ್ದರು. ಬ್ರಯನಿ ಮನೆಯ ಕಡೆ ನಡೆದಳು.

"ನಿದ್ದೇಲೇ ಹೋದ್ಳು ಕಣೇ," ಅಂದ ನೆವಿಲ್, ಬಾಗಿಲಲ್ಲೇ. "ಕಣ್ಣೇ ಬಿಡ್ಲಿಲ್ಲ. ಏನೂ ಕೇಳ್ಲಿಲ್ಲ. ನೀನಿದ್ರೂ ಅಷ್ಟೇ, ಇಲ್ದಿದ್ರೂ ಅಷ್ಟೇ."

ಈ ಕೊನೆಯ ಮಾತನ್ನು ಅವಳು ಗಟ್ಟಿಯಾಗಿ ಹಿಡಿದುಕೊಂಡಳು. ಅಲ್ಲಿಯ ರೂಢಿಯಂತೆ ಮೂರು ವಾರ ಬಿಟ್ಟು ಶವಸಂಸ್ಕಾರ ನಡೆಯಿತು. ಬಂದವರೆಲ್ಲ ಹ್ಯಾಮ್ ಸ್ಯಾಂಡ್‌ವಿಚ್ ತಿಂದು, ಹವೆ ಎಷ್ಟು ಚೆನ್ನಾಗಿತ್ತು ಎಂದು ಮಾತಾಡಿ ಹೋದರು. ಆವತ್ತೂ, ಆಮೇಲೂ, ರಾತ್ರಿ ಮಲಗುವಾಗಲೆಲ್ಲ ಬ್ರಯನಿ ತನಗೆ ತಾನೇ ಅದನ್ನು ಹೇಳಿಕೊಳ್ಳುತ್ತಿದ್ದಳು. ಅಮ್ಮ ಏನೂ ಕೇಳಲಿಲ್ಲ. ನಾನಿದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.

ಜೂನ್ ಕೊನೆಯಲ್ಲಿ ಅಂಕ ಬಂತು: ಮೂವತ್ತೊಂದು. ಜೊತೆಗೇ ಕೋರ್ಸಿನಿಂದ ಹೆಸರು ತೆಗೆಯಲಾಗಿದೆ ಎಂಬ ಸೂಚನೆಯೂ ಬಂತು. ಆಗ, ಬದುಕಿನಲ್ಲಿ ಮೊದಲ ಸಲ, ಬ್ರಯನಿ ಸಗ್ಡನ್ ಗಲಾಟೆ ಮಾಡಿದಳು. ಅರ್ಜಿ ತುಂಬಿದಳು, ಅಮ್ಮನ ಮರಣಪತ್ರ ಲಗತ್ತಿಸಿದಳು. ಹನ್ನೆರಡು ದಿನಕ್ಕೆ ಉತ್ತರ ಬಂತು. ಅದನ್ನು ಅಚ್ಚು ಹಾಕಿಸಿಕೊಂಡು ವಿದ್ಯಾರ್ಥಿ ಸಂಘದ ಸಲಹೆಗಾರ್ತಿ ಡಿಲಿಸ್ ಪ್ರಾಸರ್‌ಳ ಹತ್ತಿರ ಹೋದಳು.

ಡಿಲಿಸ್ ಅರವತ್ತರ ಹತ್ತಿರದ ವೇಲ್ಸ್ ಹೆಂಗಸು. ಈ ಕಣಿವೆಗೆ ಬಂದು ಮೂವತ್ತು ವರ್ಷವಾಗಿದ್ದರೂ ಬಾಯಿ ಮುಚ್ಚಿಕೊಂಡಿರುವುದನ್ನು ಕಲಿತಿರಲಿಲ್ಲ. ಕನ್ನಡಕ ಏರಿಸಿ ಓದಿದಳು, ಮತ್ತೊಂದು ಸಲ ಗಟ್ಟಿಯಾಗಿ ಓದಿದಳು.

"'ಅಭ್ಯರ್ಥಿಯು ಪರೀಕ್ಷೆಗೆ ಹಾಜರಾಗಿ ತಾನು ಶಕ್ತಳೆಂದು ಸಹಿ ಮಾಡಿರುತ್ತಾರೆ. ಅಲ್ಲದೆ ಮರಣವು ಪರೀಕ್ಷೆ ಆರಂಭವಾದ ನಂತರ ಸಂಭವಿಸಿದ್ದು, ಆ ವೇಳೆ ಅಭ್ಯರ್ಥಿಗೆ ಅದು ತಿಳಿದಿರಲಿಲ್ಲವಾದ್ದರಿಂದ ಅವರ ಬರವಣಿಗೆಯ ಮೇಲೆ ಪರಿಣಾಮ ಬೀರಿರಲು ಸಾಧ್ಯವಿಲ್ಲ.' ಅಯ್ಯೋ ಇವರ ಬುದ್ಧಿಗಿಷ್ಟು! ಇದನ್ನ ಬರ್ದೋರು ಊಟ ಮಾಡ್ತಾರಾ, ಮೇವು ತಿಂತಾರಾ?"

ಬ್ರಯನಿಗೆ ನಗು ಬಂತು, ನಗುವಿನ ಹಿಂದೆಯೇ ಅಳು ಬಂತು. ಡಿಲಿಸ್ ಟಿಶ್ಯೂ ಡಬ್ಬಿಯನ್ನು ಮೇಜಿನ ಮೇಲೆ ಸರಿಸಿದಳು.

"ಅಳು, ಅದಕ್ಕೇ ಇಟ್ಟಿರೋದು. ಯಾಕ್ ಹೋದೆ ಮಗೂ ಪರೀಕ್ಷೆಗೆ? ಮನೇಲೇ ಇದ್ದಿದ್ರೆ ಕಣ್ಮುಚ್ಚಿ ಇನ್ನೊಂದ್ ಅವಕಾಶ ಕೊಟ್ಟಿರೋರು. ಸತ್ರೂ ಸರಿ ಹಾಜರಾಗ್ತೀನಿ ಅನ್ನೋರ್ ಕತ್ತಿಗೇ ಈ ಕಾನೂನು ಬರೋದು. ವರ್ಷಕ್ಕೆ ಹತ್ತು ಜನ ಇದೇ ಕುರ್ಚೀಲಿ ಕೂತು ಅಳ್ತಾರೆ, ಹತ್ತೂ ಇದೇ ಊರಿನ ಮಕ್ಕಳು. ಹೊರಗಿನ ಮಕ್ಕಳು ನೆಗಡಿ ಬಂದ್ರೂ ಅರ್ಜಿ ಹಾಕ್ತಾರೆ, ಬುದ್ಧಿವಂತ್ರು."

"ಈಗೇನ್ ಮಾಡ್ಲಿ ಹೇಳಿ."

"ಮೇಲ್ಮನವಿ. ಒಂದೇ ದಾರಿ ಇರೋದು. ನೀನು ಆವತ್ತು ಎಷ್ಟು ಕುಗ್ಗಿಹೋಗಿದ್ದೆ ಅಂದ್ರೆ, ಬರೆಯೋ ಸ್ಥಿತೀಲಿದೀನಾ ಇಲ್ವಾ ಅಂತ ತೀರ್ಮಾನಿಸೋ ಶಕ್ತಿಯೇ ಇರ್ಲಿಲ್ಲ ಅಂತ ತೋರಿಸ್ಬೇಕು. ನೀನ್ ಹೇಳಿದ್ರೆ ಸಾಲ್ದು. ಹೋಗೋ ಮುಂಚೆ ನಿನ್ನ ಕಣ್ಣಾರೆ ನೋಡಿದೋರು ಬರ್ದು ಕೊಡ್ಬೇಕು. ಯಾರ್ ನೋಡಿದ್ರು?"

"ಅಪ್ಪ."

"ಸರಿ, ಅಪ್ಪನ ಕೈಲಿ ಬರೆಸು. ಆ ಬೆಳಿಗ್ಗೆ ಆ ಮನೇಲಿ ಏನೇನ್ ನಡೀತು, ಗಂಟೆ ಹಾಕಿ, ಎಲ್ಲಾ. ಅರ್ಧ ಬರೆದ್ರೆ ಆಗಲ್ಲ ಅಂತ ಹೇಳು. ಅರ್ಧ ಬರೆದದ್ದನ್ನ ಮೂಸಿ ನೋಡಿದ ತಕ್ಷಣ ಹಿಡೀತಾರೆ ಸಮಿತಿಯೋರು. ಬರೋ ಶುಕ್ರವಾರ ಸಂಜೆ ನಾಲ್ಕಕ್ಕೆ ಕೊನೆ."

ನೆವಿಲ್ ಮೊದಲು ಆಗುವುದಿಲ್ಲ ಅಂದ. ಬೇಯಿಸಿದ ಆಲೂಗಡ್ಡೆಯನ್ನು ಫೋರ್ಕಿನಿಂದ ಹಿಸುಕುತ್ತ, ತಲೆಯೆತ್ತದೆ ಅಂದ.

"ನಮ್ಮನೆ ವಿಷ್ಯ ಊರೋರ್ಗೆಲ್ಲ ಯಾಕೆ? ಟೈ ಕಟ್ಕೊಂಡೋರು ಸುತ್ತ ಕೂತು ನಿಮ್ಮಮ್ಮನ ಸಾವು ಓದ್ಬೇಕಾ?"

"ಇಲ್ದಿದ್ರೆ ನಾನ್ ಫೇಲಪ್ಪ. ಮೂರ್ ವರ್ಷ ನೀರಿಗ್ ಹೋಗತ್ತೆ."

"ಮರಣಪತ್ರ ಕೊಟ್ಯಲ್ಲ?"

"ಸಾಲಲ್ವಂತೆ. ಹೋಗೋ ಮುಂಚೆ ನಾನ್ ಹೇಗಿದ್ದೆ, ಮನೇಲೇನಾಯ್ತು, ಎಲ್ಲಾ ಬರೀಬೇಕಂತೆ. ಅರ್ಧ ಬರೆದ್ರೆ ಆಗಲ್ವಂತೆ."

"ಎಲ್ಲಾನಾ?" ಅಂದ ನೆವಿಲ್. ಫೋರ್ಕು ಕೆಳಗಿಟ್ಟ. ಎದ್ದು ಹಿಂದಿನ ಅಂಗಳಕ್ಕೆ ಹೋಗಿ ಬಹಳ ಹೊತ್ತು ನಿಂತಿದ್ದ. ಇಷ್ಟು ಸಣ್ಣ ಕೆಲಸಕ್ಕೂ ಹೀಗೆ ಸತಾಯಿಸುತ್ತಾನಲ್ಲ ಎಂದು ಬ್ರಯನಿಗೆ ಮೈಯೆಲ್ಲ ಉರಿಯಿತು.

ಮಾರನೆಯ ದಿನ ಲಿನೆಟ್‌ಳ ಡ್ರಾಯರಿನಿಂದ ಅವಳ ಕಾಗದದ ಪುಸ್ತಕ ತೆಗೆದ. ಮೂಲೆಯಲ್ಲಿ ನೀಲಿ ಹೂವು ಅಚ್ಚಾಗಿದ್ದ ಹಾಳೆಗಳು. ಡಿಪೋದಿಂದ ಬಂದು, ಗ್ರೀಸು ಹೋಗುವ ತನಕ ಕೈ ತಿಕ್ಕಿ ತೊಳೆದು, ಅಡಿಗೆಮನೆಯ ಮೇಜಿನಲ್ಲಿ ಕೂರುತ್ತಿದ್ದ. ಬ್ರಯನಿ ಒಳಗೆ ಬಂದರೆ ಅಂಗೈಯಿಂದ ಹಾಳೆ ಮುಚ್ಚುತ್ತಿದ್ದ. ಹೀಗೆ ನಾಲ್ಕು ದಿನ. ಹರಿದು ಹಾಕಿದ ಹಾಳೆಗಳನ್ನು ಕಸದ ಬುಟ್ಟಿಗೂ ಹಾಕಲಿಲ್ಲ, ಜೇಬಿನಲ್ಲಿಟ್ಟುಕೊಂಡು ಡಿಪೋಗೆ ಒಯ್ದ. ಶುಕ್ರವಾರ ಬೆಳಿಗ್ಗೆ ಲಕೋಟೆ ಕೊಟ್ಟ. ಅಂಟಿಸಿದ್ದು ಸಾಲದೆಂದು ಟೇಪನ್ನೂ ಸುತ್ತಿದ್ದ.

"ಅವ್ರ್ ಕೈಗೇ ಕೊಡು. ನೀನ್ ಓದ್ಬೇಡ."

"ಯಾಕಪ್ಪ, ಬೈದಿದೀಯಾ ನನ್ನ?"

"ಓದ್ಬೇಡ ಅಂದೆ. ಮಾತ್ ಕೊಡು."

"ಆಯ್ತು, ಮಾತ್ ಕೊಟ್ಟೆ." ಅಪ್ಪ ಅಮ್ಮನ ಬಗ್ಗೆ ಏನೋ ಮೆತ್ತಗೆ ಬರೆದುಕೊಂಡಿದ್ದಾನೆ, ಅದಕ್ಕೆ ನಾಚಿಕೆ, ಎಂದುಕೊಂಡಳು. ಅವನ ಮೇಲೆ ಪ್ರೀತಿಯೇ ಬಂತು.

ಪರೀಕ್ಷಾ ಕಚೇರಿಯ ಕಿಟಕಿಯಲ್ಲಿ ಕೂತಿದ್ದವನು ಲಕೋಟೆಯನ್ನು ಮುಟ್ಟಲೂ ಇಲ್ಲ. "ನಾವು ಕಾಗದ ತಗೊಳ್ಳಲ್ಲ. ಎಲ್ಲಾ ಆನ್‌ಲೈನು. ಸ್ಕ್ಯಾನ್ ಮಾಡಿ ನೀವೇ ಹಾಕ್ಬೇಕು."

"ಇದು ಮುಚ್ಚಿದ ಕಾಗದ. ನಮ್ಮಪ್ಪ ನಿಮ್ ಕೈಗೇ ಕೊಡು ಅಂದಿದಾರೆ."

"ನಿಮ್ಮಪ್ಪ ಇಲ್ಲಿ ಓದ್ತಾ ಇಲ್ವಲ್ಲಮ್ಮ," ಅಂದ ಅವನು. ಕೆಟ್ಟವನೇನಲ್ಲ, ಬೆಳಗಿನಿಂದ ಅದೇ ಮಾತನ್ನು ನೂರು ಸಲ ಹೇಳಿದ್ದವನು. ಡಿಲಿಸ್‌ಗೆ ಶುಕ್ರವಾರ ರಜೆ. ಕೋಣೆಗೆ ಬೀಗ ಹಾಕಿತ್ತು.

ಗ್ರಂಥಾಲಯದ ಸ್ಕ್ಯಾನರಿನ ಮುಂದೆ ನಿಂತಾಗ ಮೂರು ಗಂಟೆಯಾಗಿತ್ತು. ಬ್ರಯನಿ ಉಗುರಿನಿಂದ ಟೇಪು ಬಿಡಿಸಿದಳು. ಮೂರು ಹಾಳೆ. ಕೊಟ್ಟ ಮಾತಿಗೆ ಕಟ್ಟುಬಿದ್ದು, ಕಿಟಕಿಯ ಕಡೆ ಮುಖ ಮಾಡಿಕೊಂಡೇ ಒಂದೊಂದಾಗಿ ಗಾಜಿನ ಮೇಲೆ ಬೋರಲು ಹಾಕಿ ಗುಂಡಿ ಒತ್ತಿದಳು. ಕಂಪ್ಯೂಟರಿಗೆ ಬಂದು ಮೂರನ್ನೂ ಏರಿಸಿದಳು. ಕೆಳಗೊಂದು ಖಾಲಿ ಚೌಕ: 'ಈ ಪುರಾವೆ ಏನನ್ನು ತೋರಿಸುತ್ತದೆ? ನಿಮ್ಮ ಮಾತಿನಲ್ಲಿ ತಿಳಿಸಿ.' 'ನನ್ನ ತಂದೆಯ ಪತ್ರ' ಎಂದು ಬರೆದು ಕಳಿಸು ಒತ್ತಿದಳು. ಕೆಂಪು ಅಕ್ಷರ ಬಂತು. ಯಾವ ಪುಟ ಯಾವ ಸಂಗತಿಯನ್ನು ಸಮರ್ಥಿಸುತ್ತದೆ ಎಂದು ಬರೆಯದ ಅರ್ಜಿ ಅಪೂರ್ಣ, ಅಪೂರ್ಣ ಅರ್ಜಿಯನ್ನು ಪರಿಗಣಿಸುವುದಿಲ್ಲ. ಗಡಿಯಾರ ನೋಡಿದಳು. ಮೂರೂ ಇಪ್ಪತ್ತು. ಕಾಗದ ತಿರುವಿದಳು.

'ಮಾನ್ಯರೇ,' ಎಂದು ಶುರುವಾಗಿತ್ತು, ಚೌಕ ಚೌಕದ ಅಕ್ಷರದಲ್ಲಿ. 'ನಾನು ಬಸ್ ಮೆಕ್ಯಾನಿಕ್, ಕಾಗದ ಬರೆದು ಅಭ್ಯಾಸ ಇಲ್ಲ. ಎಲ್ಲಾ ಬರೀಬೇಕು, ಅರ್ಧ ಬರೆದರೆ ನನ್ನ ಮಗಳು ಫೇಲ್ ಅಂದರು. ಅದಕ್ಕೆ ಎಲ್ಲಾ ಬರೀತಿದೀನಿ.

'ಆವತ್ತು ಏಳೂವರೆಗೆ ಮಗಳು ಬಾಗಿಲಲ್ಲಿ ನಿಂತು ನನ್ನ ಕೈಲಾಗಲ್ಲ ಅಂದಳು. ಕೈ ನಡುಗಿ ಕಪ್ಪಿನಲ್ಲಿದ್ದ ಟೀ ಚೆಲ್ಲಿತು. ಮೂರು ದಿನದಿಂದ ಊಟ ಮಾಡಿರಲಿಲ್ಲ. ನಾನು ಮೆತ್ತಗಾಗಬೇಡ ಅಂದು ಕಳಿಸಿದೆ. ಅಮ್ಮ ಎಲ್ಲೂ ಹೋಗಲ್ಲ ಅಂದೆ.

'ಹತ್ತೂ ಹತ್ತಕ್ಕೆ ನನ್ನ ಹೆಂಡತಿ ಕಣ್ಣು ಬಿಟ್ಟಳು. ಎರಡು ದಿನದಿಂದ ಬಿಟ್ಟಿರಲಿಲ್ಲ. ನಮ್ಮ ಬ್ರಯನಿ ಎಲ್ಲಿ ಅಂದಳು. ಪರೀಕ್ಷೆಗೆ ಹೋಗಿದಾಳೆ ಅಂದೆ. ಕರ್ಕೊಂಬಾ ಅಂದಳು. ಕಾರಿನ ಕೀ ಕೈಗೆ ತಗೊಂಡೆ. ಕಾಲೇಜಿನ ನಂಬರು ಫ್ರಿಜ್ಜಿನ ಮೇಲೇ ಇತ್ತು. ಫೋನ್ ಮಾಡಲಿಲ್ಲ. ಅದು ಅವಳ ಕೊನೆಯ ಪರೀಕ್ಷೆ, ಮಧ್ಯದಲ್ಲಿ ಎಬ್ಬಿಸಿದರೆ ಅವಳ ಬಾಳು ಹಾಳಾಗುತ್ತೆ ಅಂದುಕೊಂಡೆ. ಮಧ್ಯಾಹ್ನದವರೆಗೆ ಇರ್ತಾಳೆ ಅಂದುಕೊಂಡೆ. ಹೆಂಡತಿ ಇನ್ನೂ ಎರಡು ಸಲ ಕೇಳಿದಳು. ಬರ್ತಿದಾಳೆ, ದಾರೀಲಿದಾಳೆ ಅಂತ ಸುಳ್ಳು ಹೇಳಿದೆ. ಬಾಗಿಲ ಕಡೆ ನೋಡ್ತಾ ಇದ್ದಳು. ಹನ್ನೊಂದೂ ಇಪ್ಪತ್ತಕ್ಕೆ ಹೋದಳು.

'ಮಗಳಿಗೆ ನಿದ್ದೇಲೇ ಹೋದಳು ಅಂತ ಹೇಳಿದೀನಿ. ಅವಳಿಗೆ ಇದು ಗೊತ್ತಿಲ್ಲ. ದಯವಿಟ್ಟು ಹೇಳಬೇಡಿ. ಬರೆಯಲು ಶಕ್ತಳು ಅಂತ ಸಹಿ ಹಾಕಿದ್ದು ಅವಳ ಕೈ, ಹಾಕಿಸಿದ್ದು ನಾನು. ತಪ್ಪು ನನ್ನದು, ಅವಳಿಗೆ ಶಿಕ್ಷೆ ಕೊಡಬೇಡಿ. ನೆವಿಲ್ ಸಗ್ಡನ್.'

ಬ್ರಯನಿಗೆ ಅಳು ಬರಲಿಲ್ಲ. ಮೊದಲು ಬಂದದ್ದು ದ್ವೇಷ. ಆ ಗಳಿಗೆಯಲ್ಲಿ ನೆವಿಲ್ ಎದುರಿಗಿದ್ದಿದ್ದರೆ ಅವನ ಮುಖಕ್ಕೆ ಉಗಿಯುತ್ತಿದ್ದಳು. ಎಂಟು ಮೈಲಿ, ಕಾರಿನಲ್ಲಿ ಇಪ್ಪತ್ತು ನಿಮಿಷ. ಹತ್ತೂ ಹತ್ತರಿಂದ ಅವಳು ಒಂದು ಅಕ್ಷರ ಬರೆಯದೆ ಯಾರದೋ ಎದೆಯ ಚಿತ್ರ ನೋಡುತ್ತ ಕೂತಿದ್ದಳು. ಅಲ್ಲಿ ಅಮ್ಮ ಬಾಗಿಲು ನೋಡುತ್ತ ಮಲಗಿದ್ದಳು. ಎಪ್ಪತ್ತು ನಿಮಿಷ. ಬಂದು ಕರೆದುಕೊಂಡು ಹೋದರೂ ಅರ್ಧ ಗಂಟೆ ಉಳಿಯುವಷ್ಟು ಹೊತ್ತು. ಯಾವ ಮಾತನ್ನು ಹಿಡಿದುಕೊಂಡು ಎರಡು ತಿಂಗಳು ನಿದ್ದೆ ಮಾಡಿದ್ದಳೋ ಆ ಮಾತು ಹೋಯಿತು. ಇನ್ನು ಜೀವಮಾನವಿಡೀ ಅದು ವಾಪಸ್ಸು ಬರುವುದಿಲ್ಲ ಎಂದೂ ಅವಳಿಗೆ ತಿಳಿಯಿತು.

ಗಂಟೆ ಮೂರೂ ಐವತ್ತು. ಪರದೆಯ ಮೇಲೆ ಖಾಲಿ ಚೌಕ ಕಾಯುತ್ತಿತ್ತು. ಕಳಿಸದೆ ಬಿಟ್ಟರೆ ಆ ಸಮಿತಿಯವರು ಅಮ್ಮನನ್ನು ಓದುವುದಿಲ್ಲ, ಅಪ್ಪನ ಮರ್ಯಾದೆಯೂ ಉಳಿಯುತ್ತದೆ. ಆದರೆ ಹಾಗೆ ಬಿಟ್ಟರೆ ಆ ಎಪ್ಪತ್ತು ನಿಮಿಷ ಯಾತಕ್ಕೂ ಇಲ್ಲದೆ ಹೋದಂತೆ. ಅವಳು ಟೈಪು ಮಾಡಿದಳು: 'ಪುಟ ಒಂದು: ಆ ಬೆಳಿಗ್ಗೆ ನಾನು ಪರೀಕ್ಷೆ ಬರೆಯುವ ಸ್ಥಿತಿಯಲ್ಲಿರಲಿಲ್ಲ ಎಂದು ತೋರಿಸುತ್ತದೆ. ಪುಟ ಎರಡು: ನನ್ನ ತಾಯಿ ನನ್ನನ್ನು ಕರೆದಳು ಎಂದು ತೋರಿಸುತ್ತದೆ. ಪುಟ ಮೂರು: ನನ್ನ ತಂದೆಯ ಸಹಿ.' ಕಳಿಸು ಒತ್ತಿದಳು. ನಿಮ್ಮ ಅರ್ಜಿ ಸ್ವೀಕರಿಸಲಾಗಿದೆ, ಧನ್ಯವಾದಗಳು ಎಂದು ಬಂತು.

ಹದಿನೈದು ದಿನಕ್ಕೆ ತೀರ್ಮಾನ ಬಂತು. ಮೇ ತಿಂಗಳ ಪರೀಕ್ಷೆಯನ್ನು ಲೆಕ್ಕದಿಂದ ತೆಗೆಯಲಾಗಿದೆ, ಆಗಸ್ಟ್ ಹತ್ತೊಂಬತ್ತಕ್ಕೆ ಮತ್ತೆ ಬರೆಯಬಹುದು. ಡಿಲಿಸ್ ಫೋನಿನಲ್ಲೇ ಕಿರುಚಿದಳು. "ನಿಮ್ಮಪ್ಪ ಏನ್ ಬರೆದ್ನೋ ಮಹಾರಾಯ, ಸಮಿತೀಲಿ ಒಬ್ರೂ ತುಟಿ ಬಿಚ್ಚಲಿಲ್ವಂತೆ!" ಬ್ರಯನಿ ಥ್ಯಾಂಕ್ಸ್ ಹೇಳಿ ಫೋನಿಟ್ಟಳು.

ಸಂಜೆ ನೆವಿಲ್ ಸಿಂಕಿನ ಮುಂದೆ ನಿಂತು ಕೈ ತಿಕ್ಕುತ್ತಿದ್ದ. ಅವಳು ವಿಷಯ ಹೇಳಿದಳು. ಅವನು ತಿರುಗಲಿಲ್ಲ, ನಲ್ಲಿಯನ್ನೂ ನಿಲ್ಲಿಸಲಿಲ್ಲ.

"ಒಳ್ಳೇದಾಯ್ತು," ಅಂದ. "ಕಾಗದ ಓದಿದ್ರಂತಾ?"

"ಓದಿದ್ರಂತೆ."

"ನೀನು?"

ಅವಳು ಅವನ ಬೆನ್ನು ನೋಡಿದಳು. ಡಿಪೋದ ಅಂಗಿ ಭುಜದ ಮೇಲೆ ಜೋಲುತ್ತಿತ್ತು. ಎಷ್ಟು ಇಳಿದುಹೋಗಿದ್ದಾನೆ ಎಂದು ಅವಳಿಗೆ ಆಗಲೇ ಕಂಡದ್ದು.

"ಟೇಪ್ ಸುತ್ತಿದ್ಯಲ್ಲಪ್ಪ," ಅಂದಳು.

ನೆವಿಲ್ ತಲೆಯಾಡಿಸಿದ. ನಲ್ಲಿ ನಿಲ್ಲಿಸಿ, ಟವೆಲಿನಲ್ಲಿ ಒಂದೊಂದೇ ಬೆರಳು ಒರೆಸಿಕೊಂಡ. "ನಿದ್ದೇಲೇ ಹೋದ್ಳು ಕಣೇ," ಅಂದ, ಯಾರೂ ಕೇಳದಿದ್ದರೂ. "ಕಣ್ಣೇ ಬಿಡ್ಲಿಲ್ಲ."

"ಗೊತ್ತಪ್ಪ," ಅಂದಳು ಬ್ರಯನಿ. "ಹೇಳಿದ್ಯಲ್ಲ."

ಆಮೇಲೆ ಊಟಕ್ಕೆ ಮೊಟ್ಟೆ ಮಾಡಲಾ, ಬೀನ್ಸ್ ಬಿಸಿ ಮಾಡಲಾ ಎಂದು ಕೇಳಿದಳು. ಯಾವುದಾದರೂ ಸರಿ, ನೀನು ತೊಂದರೆ ತಗೋಬೇಡ, ಅಂದ ಅವನು.